ಹೆಬ್ಬೆಟ್ಟು ಒತ್ತುವ ಮೊದಲು

ಚಿಕ್ಕಮಗಳೂರು ಜಿಲ್ಲೆಯ ವಾಟ್ಸಾಪ್, ಫೇಸ್‌ಬುಕ್ ಗುಂಪುಗಳಲ್ಲಿ ಕೇಳಿದವರಿಗೆಲ್ಲ ಉತ್ತರ ಕೊಡುವ ಎಲ್ಲರಿಗೂ, ಆ ಗುಂಪುಗಳನ್ನು ನಡೆಸುವ ಅಡ್ಮಿನ್‌ಗಳಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ನಾನು ಮೂಡಿಗೆರೆ ತಾಲ್ಲೂಕಿನ ಬಣಕಲ್ ಕಡೆಯವಳು. ಮೂರು ಎಕರೆ ಕಾಫಿ, ಅದರ ಮರಗಳಿಗೆ ಹಬ್ಬಿಸಿದ ಮೆಣಸು, ಕೆಳಗೆ ಗದ್ದೆ ಬದಿಯಲ್ಲಿ ಅರ್ಧ ಎಕರೆ ಅಡಿಕೆ. ನನ್ನ ಸಾಮ್ರಾಜ್ಯ ಇಷ್ಟೇ. ನಿಮ್ಮಲ್ಲಿ ಹೆಚ್ಚಿನವರಿಗೆ ನನ್ನ ಮುಖ ಗೊತ್ತಿಲ್ಲ. ನನ್ನ ಪ್ರಶ್ನೆಗಳು ಮಾತ್ರ ಗೊತ್ತಿರಬಹುದು. ಬಾವಿಯ ಮೋಟಾರು ಯಾರು ರಿಪೇರಿ ಮಾಡುತ್ತಾರೆ, ಅತ್ತೆಯ ಮೊಣಕಾಲು ನೋವಿಗೆ ಯಾವ ಡಾಕ್ಟರ್ ಒಳ್ಳೆಯವರು, ಮಂಗ ಬಾರದ ಹಾಗೆ ಏನು ಮಾಡಬೇಕು ಅಂತೆಲ್ಲ ಆರು ವರ್ಷದಿಂದ ಕೇಳುತ್ತಲೇ ಇದ್ದೇನೆ. ನೀವು ಹೇಳುತ್ತಲೇ ಇದ್ದೀರಿ.

ಹಾಗಾಗಿ ಇದು ಜಗಳದ ಪತ್ರ ಅಲ್ಲ. ನಿಮ್ಮಿಂದ ನನಗೆ ಆದ ಉಪಕಾರ ಸಣ್ಣದಲ್ಲ. ಆದರೆ ಒಂದು ದೂರು ಇದೆ. ಅದನ್ನು ಗುಂಪಿನೊಳಗೆ ಬರೆದರೆ ಹತ್ತು ನಿಮಿಷದಲ್ಲಿ ಗುಡ್ ಮಾರ್ನಿಂಗ್ ಚಿತ್ರಗಳ ಕೆಳಗೆ ಹೂತುಹೋಗುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಗುರುತು ಪರಿಚಯ ಇಲ್ಲದವರನ್ನು ನಾನು ಯಾಕೆ ಕೇಳುತ್ತೇನೆ ಅಂತ ಹೇಳಿಬಿಡುತ್ತೇನೆ. "ಊರಲ್ಲಿ ನೆಂಟರು ಇಲ್ವಾ, ಅಕ್ಕಪಕ್ಕದವರು ಇಲ್ವಾ?" ಅಂತ ಬಹಳ ಜನ ಕೇಳುತ್ತಾರೆ. ಇದ್ದಾರೆ. ಬೇಕಾದಷ್ಟು ಇದ್ದಾರೆ. ತೊಂದರೆ ಇರುವುದೇ ಅಲ್ಲಿ.

ಆರು ವರ್ಷದ ಹಿಂದೆ ನಮ್ಮನೆಯವರು ತೀರಿಕೊಂಡರು. ಅಲ್ಲಿಯವರೆಗೆ ತೋಟ ಅಂದರೆ ನನಗೆ ಅಡುಗೆಮನೆಯ ಕಿಟಕಿಯಿಂದ ಕಾಣುವ ಹಸಿರು. ಆಳುಗಳಿಗೆ ಕಾಫಿ ತಿಂಡಿ ಕೊಡುವುದು, ಕಣದಲ್ಲಿ ಒಣಗಿಸಿದ ಕಾಫಿ ಮಳೆ ಬಂದಾಗ ಓಡಿಹೋಗಿ ಮುಚ್ಚುವುದು, ಇಷ್ಟೇ ಗೊತ್ತಿದ್ದದ್ದು. ಅವರು ಹೋದ ಮೊದಲ ವರ್ಷ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವುದು, ಯಾವಾಗ ಮಾಡಿಸಬೇಕು ಅಂತ ಮೈದುನನನ್ನು ಕೇಳಿದೆ. ಅವನು ಚೆನ್ನಾಗಿಯೇ ಹೇಳಿದ. ಆದರೆ ಮುಂದಿನ ವಾರ ಒಂದು ಮದುವೆ ಮನೆಯಲ್ಲಿ ದೊಡ್ಡತ್ತೆ ನನ್ನ ಕೈ ಹಿಡಿದು, "ನಿನಗೆ ಒಬ್ಬಳಿಗೆ ಆಗಲ್ಲ ಕಣೇ, ತೋಟ ಯಾರಿಗಾದ್ರೂ ಗುತ್ತಿಗೆಗೆ ಕೊಟ್ಟುಬಿಡು" ಅಂದರು. ಯಾರಿಗೆ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ನೆಂಟರನ್ನು ಒಂದು ಪ್ರಶ್ನೆ ಕೇಳಿದರೆ ಉತ್ತರದ ಜೊತೆಗೆ ಒಂದು ಲೆಕ್ಕವೂ ಶುರುವಾಗುತ್ತದೆ. ಇವಳಿಗೆ ಇದು ಗೊತ್ತಿಲ್ಲ, ಅದೂ ಗೊತ್ತಿಲ್ಲ ಅಂತ. ನಿಮಗೆ ಆ ಲೆಕ್ಕ ಇಲ್ಲ. ನನ್ನ ಜಮೀನಿನ ಮೇಲೆ ನಿಮ್ಮ ಕಣ್ಣಿಲ್ಲ. ನಾನು ದಡ್ಡ ಪ್ರಶ್ನೆ ಕೇಳಿದರೂ ಅದು ಮದುವೆ ಮನೆಗೆ ಹೋಗುವುದಿಲ್ಲ. ಗುರುತಿಲ್ಲದವರ ಹತ್ತಿರ ಕೇಳುವುದರಲ್ಲಿ ಎಷ್ಟು ನೆಮ್ಮದಿ ಇದೆ ಅನ್ನುವುದು ಕೇಳಬೇಕಾಗಿ ಬಂದವರಿಗೇ ಗೊತ್ತು.

ನಾನು ಗುಂಪಿನಲ್ಲಿ ಕೇಳಿದ ಮೊದಲ ಪ್ರಶ್ನೆ ಒರಳುಕಲ್ಲಿನದು. ಅತ್ತೆಗೆ ಮಿಕ್ಸಿಯ ಚಟ್ನಿ ಇಳಿಯುವುದಿಲ್ಲ. ಕಲ್ಲು ಸವೆದು ಕನ್ನಡಿಯಷ್ಟು ನುಣ್ಣಗಾಗಿತ್ತು. ಉಳಿ ಹಿಡಿದು ಅದನ್ನು ಮತ್ತೆ ಒರಟು ಮಾಡಿಕೊಡುವವರು ಮೊದಲೆಲ್ಲ ಮನೆ ಬಾಗಿಲಿಗೇ ಬರುತ್ತಿದ್ದರು. ಈಗ ಎಲ್ಲಿದ್ದಾರೋ? ಗೂಗಲ್ ಕೇಳಿದರೆ ಕೊಯಮತ್ತೂರಿನ ಗ್ರೈಂಡರ್ ತೋರಿಸಿತು. ಗುಂಪಿನಲ್ಲಿ ಕೇಳಿದೆ. ಬೇಲೂರಿನ ಒಬ್ಬರು, ಅವರ ಮುಖ ನಾನು ಇವತ್ತಿಗೂ ನೋಡಿಲ್ಲ, ಹೀಗೆ ಬರೆದರು: "ನಮ್ಮ ಮನೆದು ಹೋದ ತಿಂಗಳು ಮಾಡಿಸಿದ್ದೇವೆ. ಇನ್ನೂರು ರೂಪಾಯಿ ತಗೊಂಡ್ರು. ಅವರು ಫೋನ್ ಎತ್ತೋದು ಸಂಜೆ ಮಾತ್ರ. ಸ್ವಲ್ಪ ಕಿವಿ ಮಂದ, ಜೋರಾಗಿ ಮಾತಾಡಿ." ನಾನು ಜೋರಾಗಿ ಮಾತಾಡಿದೆ. ಅವರು ಬಂದರು. ಕಲ್ಲು ಸರಿಯಾಯಿತು. ಆ ಉತ್ತರದಲ್ಲಿ ಏನೇನಿತ್ತು ಅಂತ ಇನ್ನೊಂದು ಸಲ ನೋಡಿ. ಯಾರ ಮನೆಯದು, ಯಾವಾಗ ಮಾಡಿಸಿದ್ದು, ಎಷ್ಟು ಕೊಟ್ಟದ್ದು, ಯಾವ ಹೊತ್ತಿಗೆ ಸಿಗುತ್ತಾರೆ. ಕಿವಿಯ ವಿಷಯ ಕೂಡ.

ಇನ್ನು ದೂರಿಗೆ ಬರುತ್ತೇನೆ.

ಹೋದ ವರ್ಷ ಮಳೆ ಬಿಡಲೇ ಇಲ್ಲ. ಅಡಿಕೆಗೆ ಮೊದಲ ಔಷಧಿ ಮಳೆಗಾಲಕ್ಕೆ ಮುಂಚೆ ಹೊಡೆಸಿದ್ದೆ. ನಲವತ್ತು ನಲವತ್ತೈದು ದಿನಕ್ಕೆ ಎರಡನೆಯದು ಹೊಡೆಯಬೇಕು. ಇಲ್ಲದಿದ್ದರೆ ಕೊಳೆರೋಗ ಬಂದು ಎಳೆಗಾಯಿಗಳು ಬುಡದಲ್ಲಿ ರಾಶಿ ಬೀಳುತ್ತವೆ. ಪ್ರತಿ ವರ್ಷ ಅಳತೆ ಹಾಕಿ ಕಲಸುತ್ತಿದ್ದ ನಮ್ಮ ಹಳೆಯ ಆಳು ಆ ವರ್ಷ ಮಗಳ ಮನೆಗೆ ಹೋಗಿದ್ದ. ಮೈಲುತುತ್ತ (ತಾಮ್ರದ ಸಲ್ಫೇಟ್) ಎಷ್ಟು, ಸುಣ್ಣ ಎಷ್ಟು ಅಂತ ನನಗೆ ಸಂಶಯ ಬಂತು. ಗುಂಪಿನಲ್ಲಿ ಕೇಳಿದೆ.

ನಲವತ್ತೆರಡು ಉತ್ತರ ಬಂದವು. ಬೇರೆ ಬೇರೆ ಅಳತೆ. ಅದರಲ್ಲಿ ಒಬ್ಬರು ಬಹಳ ಗಟ್ಟಿಯಾಗಿ ಬರೆದಿದ್ದರು: "ಜಾಸ್ತಿ ಮಳೆಗೆ ಜಾಸ್ತಿ ಔಷಧಿ ಬೇಕು. ನೂರು ಲೀಟರಿಗೆ ಒಂದೂವರೆ ಕೆಜಿ ಮೈಲುತುತ್ತ ಹಾಕಿ, ಸುಣ್ಣ ಅರ್ಧ ಕೆಜಿ ಸಾಕು. ನಮ್ಮ ಕಡೆ ಎಲ್ಲರೂ ಹೀಗೇ ಮಾಡೋದು." ಆ ಒಂದು ಉತ್ತರದ ಕೆಳಗೆ ಅರವತ್ತಕ್ಕೂ ಜಾಸ್ತಿ ಹೆಬ್ಬೆಟ್ಟು ಇದ್ದವು. ಅದೇ ಸರಿ ಅಂದುಕೊಂಡೆ.

ಬೆಳಗ್ಗೆ ಡ್ರಮ್ಮಿನಲ್ಲಿ ಕಲಸಿದ್ದಾಯಿತು. ಕೊನೆಗಾರ ಬಗ್ಗಿ ನೋಡಿದ. "ಅಮ್ಮಾ, ಸುಣ್ಣ ಸಾಲದು ಅನ್ಸುತ್ತೆ. ಬಣ್ಣ ಸರಿ ಇಲ್ಲ" ಅಂದ. ಅವನು ಮೂವತ್ತು ವರ್ಷದಿಂದ ಅಡಿಕೆ ಮರ ಹತ್ತುವವನು. ನಾನು ಏನು ಮಾಡಿದೆ ಗೊತ್ತೇ? ಫೋನ್ ತೆಗೆದು ಅವನಿಗೆ ತೋರಿಸಿದೆ. "ನೋಡು, ಇಷ್ಟು ಜನ ಹೇಳಿದ್ದಾರೆ" ಅಂದೆ. ಅವನು ಏನೂ ಹೇಳದೆ ಕ್ಯಾನು ಹೆಗಲಿಗೆ ಹಾಕಿಕೊಂಡು ಹೋದ.

ಒಂದು ವಾರಕ್ಕೆ ಕಾಯಿಗಳ ಮೇಲೆ ಸುಟ್ಟ ಹಾಗೆ ಕಲೆ ಎದ್ದಿತು. ಎಳೆಯವು ಉದುರಿದವು. ಕೊಳೆಯಿಂದ ಉಳಿಸಲು ಹೋಗಿ ಔಷಧಿಯಿಂದಲೇ ಕಳೆದುಕೊಂಡೆ. ಅರ್ಧ ಎಕರೆ ಅಂದರೆ ದೊಡ್ಡ ನಷ್ಟ ಏನಲ್ಲ ಅಂತ ನೀವು ಹೇಳಬಹುದು. ನನ್ನ ಮಗಳ ಹಾಸ್ಟೆಲ್ ಫೀಸು ಹೋಗುವುದು ಆ ಅರ್ಧ ಎಕರೆಯಿಂದ.

ಆಮೇಲೆ ನಾನು ಸರಿಯಾಗಿ ವಿಚಾರಿಸಿದೆ. ಈ ಔಷಧಿಯ ಹೆಸರು ಬೋರ್ಡೋ ದ್ರಾವಣ. ಶೇಕಡ 1ರ ದ್ರಾವಣಕ್ಕೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತವನ್ನು ಐವತ್ತು ಲೀಟರಿನಲ್ಲಿ ಬೇರೆ ಕರಗಿಸಬೇಕು, ಸುಣ್ಣವನ್ನು ಐವತ್ತು ಲೀಟರಿನಲ್ಲಿ ಬೇರೆ. ಕಬ್ಬಿಣದ, ತಗಡಿನ ಪಾತ್ರೆ ಆಗದು. ಪ್ಲಾಸ್ಟಿಕ್ ಡ್ರಮ್ಮು ಆಗುತ್ತದೆ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕೋಲಿನಿಂದ ತಿರುಗಿಸಬೇಕು. ಸರಿಯಾದರೆ ಆಕಾಶದ ನೀಲಿ ಬರುತ್ತದೆ. ಆಮೇಲೆ ಉಜ್ಜಿ ಹೊಳಪು ಮಾಡಿದ ಚಾಕುವನ್ನು ಒಂದು ನಿಮಿಷ ಅದ್ದಿ ನೋಡಬೇಕು. ಚಾಕುವಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಅಂತ ಅರ್ಥ. ಇನ್ನಷ್ಟು ಹಾಕಬೇಕು. ಸುಣ್ಣ ಸಾಲದಿದ್ದರೆ ಉಳಿದ ತಾಮ್ರ ಕಾಯನ್ನು ಸುಡುತ್ತದೆ. ಕಲಸಿದ್ದನ್ನು ಅದೇ ದಿನ ಹೊಡೆದು ಮುಗಿಸಬೇಕು. ಕೊನೆಗಾರ ಬಣ್ಣ ನೋಡಿ ಹೇಳಿದ್ದು ಇದನ್ನೇ.

ಇದೇನು ಹೊಸ ವಿದ್ಯೆ ಅಲ್ಲ. 1908ರಲ್ಲಿ ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಮಲೆನಾಡಿನ ತೋಟಗಳಲ್ಲಿ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಈ ಔಷಧಿಯನ್ನು ನಮ್ಮವರಿಗೆ ಕಲಿಸಿದರು. ಅದಕ್ಕೆ ಮೊದಲು ಗೊನೆಗಳಿಗೆ ಮಳೆ ತಾಗದ ಹಾಗೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುವುದೊಂದೇ ದಾರಿ. ಕೋಲ್ಮನ್ ಕೂಡ ನಮ್ಮ ಅಜ್ಜಂದಿರಿಗೆ ಗುರುತಿಲ್ಲದವರೇ ಅಲ್ವಾ? ನಮ್ಮ ಭಾಷೆಯೂ ಅವರದ್ದಲ್ಲ. ಆದರೆ ಅವರು ತೋಟಕ್ಕೆ ಬಂದು, ಕೊಳೆತ ಕಾಯಿ ಕೈಯಲ್ಲಿ ಹಿಡಿದು ನೋಡಿ, ಆಮೇಲೆ ಹೇಳಿದರು.

ನನಗೆ ಅಳತೆ ಹೇಳಿದವರಿಗೆ ಫೋನ್ ಮಾಡಿದೆ. ಜಗಳ ಆಡಲು ಅಲ್ಲ, ತಿಳಿದುಕೊಳ್ಳಲು. ಒಳ್ಳೆಯ ಹುಡುಗ. ಬೆಂಗಳೂರಿನಲ್ಲಿ ಕೆಲಸ. ಊರು ತರೀಕೆರೆ ಕಡೆ, ಮನೆಯಲ್ಲಿ ತೆಂಗು ಇದೆಯಂತೆ, ಅಡಿಕೆ ಇಲ್ಲ. "ಎಲ್ಲೋ ವೀಡಿಯೊದಲ್ಲಿ ನೋಡಿದ ನೆನಪು ಅಕ್ಕ. ಯಾರಾದ್ರೂ ತಿದ್ದುತ್ತಾರೆ ಅಂದ್ಕೊಂಡೆ" ಅಂದ. ಪಾಪ, ಬೇಜಾರು ಮಾಡಿಕೊಂಡ. ಅವನ ಮೇಲೆ ನನಗೆ ಸಿಟ್ಟು ಹೆಚ್ಚು ಹೊತ್ತು ಉಳಿಯಲಿಲ್ಲ.

ಸಿಟ್ಟು ಉಳಿದಿರುವುದು ಆ ಅರವತ್ತು ಹೆಬ್ಬೆಟ್ಟಿನ ಮೇಲೆ. ನಮ್ಮ ಅಜ್ಜನ ಕಾಲದ ಪತ್ರಗಳು ಪೆಟ್ಟಿಗೆಯಲ್ಲಿವೆ. ಕೊನೆಯಲ್ಲಿ ಸಾಕ್ಷಿಗಳ ಹೆಸರು, ಪಕ್ಕದಲ್ಲಿ ಮಸಿಯ ಹೆಬ್ಬೆಟ್ಟು. ಓದು ಬಾರದವರು ಒತ್ತಿದ್ದು. ಓದು ಬಾರದಿದ್ದರೂ ಅವರಿಗೆ ಒಂದು ಗೊತ್ತಿತ್ತು: ಹೆಬ್ಬೆಟ್ಟು ಒತ್ತಿದರೆ ನಾಳೆ ಯಾರಾದರೂ ಬಂದು "ನೀನು ನೋಡಿದ್ದೀಯಾ?" ಅಂತ ಕೇಳುತ್ತಾರೆ. ನೀವು ಅರವತ್ತು ಜನ ಓದು ಬರೆಹ ಬಲ್ಲವರು. ನೀವು ಒತ್ತಿದ ಹೆಬ್ಬೆಟ್ಟನ್ನು ನಾನು ಸಾಕ್ಷಿ ಅಂತ ಲೆಕ್ಕ ಹಾಕಿದೆ. ಅರವತ್ತು ತೋಟದಲ್ಲಿ ಇದು ಸರಿಹೋಗಿದೆ ಅಂದುಕೊಂಡೆ. ನಿಮ್ಮಲ್ಲಿ ಎಷ್ಟು ಜನ ಸುಮ್ನೆ ಒತ್ತಿದ್ದು?

ಕೊಟ್ಟಿಗೆಹಾರದ ಹೋಟೆಲಿನಲ್ಲಿ ನೀರುದೋಸೆ ತಿನ್ನುತ್ತಾ ಯಾರನ್ನಾದರೂ ವಿಷಯ ಕೇಳಿದರೆ ಉತ್ತರದ ಜೊತೆ ಮನುಷ್ಯನೂ ಕಾಣುತ್ತಾನೆ. ಈತನ ತೋಟ ಹೇಗಿದೆ, ಈತ ಸ್ವಲ್ಪ ಬುರುಡೆ ಬಿಡುವವನೇ, ಆ ಅಂಗಡಿಯವನು ಈತನ ಷಡ್ಡಕನೇ, ಎಲ್ಲ ನಮಗೆ ಗೊತ್ತಿರುತ್ತದೆ. ಆ ಲೆಕ್ಕದಲ್ಲಿ ಮಾತನ್ನು ಸೋಸಿ ತೆಗೆದುಕೊಳ್ಳುತ್ತೇವೆ. ಫೋನಿನಲ್ಲಿ ಮಾತು ಮಾತ್ರ ಬರುತ್ತದೆ, ಮನುಷ್ಯ ಬರುವುದಿಲ್ಲ. ಸೋಸಲು ಜರಡಿಯೇ ಇಲ್ಲ. ಆದ್ದರಿಂದ ಹೇಳುವವರೇ ಜರಡಿಯನ್ನೂ ಜೊತೆಗೆ ಕೊಡಬೇಕು ಅಂತ ನನ್ನ ವಾದ. ನೋಡಿದ್ದೋ, ಕೇಳಿದ್ದೋ, ಮಾಡಿದ್ದೋ ಅಂತ ಒಂದು ಮಾತು. ಯಾವಾಗ ಅಂತ ಇನ್ನೊಂದು ಮಾತು.

ಹಾಗೆ ಹೇಳುವವರು ನಿಮ್ಮಲ್ಲೇ ಇದ್ದಾರೆ. ಮಳೆಗಾಲದಲ್ಲಿ ನಮ್ಮ ಕಡೆಯ ದೊಡ್ಡ ಪ್ರಶ್ನೆ ಒಂದೇ: ಚಾರ್ಮಾಡಿ ಘಾಟಿ ತೆರೆದಿದೆಯಾ? ಮೋಜಿಗೆ ಕೇಳುವವರೂ ಇದ್ದಾರೆ. ನಾವು ಕೇಳುವುದು ಆಸ್ಪತ್ರೆಗೆ. ಮೂಡಿಗೆರೆ ತಾಲ್ಲೂಕಿನವರು ದೊಡ್ಡ ಕಾಯಿಲೆ ಅಂದರೆ ಉಜಿರೆಗೋ ಮಂಗಳೂರಿಗೋ ಇಳಿಯುತ್ತೇವೆ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಆ ರಸ್ತೆ ಮುಚ್ಚಿದ್ದು ಯಾರೂ ಮರೆತಿಲ್ಲ. ಎರಡು ವರ್ಷದ ಹಿಂದೆ ಜುಲೈನಲ್ಲಿ ಒಂದು ರಾತ್ರಿ ಅತ್ತೆಗೆ ಎದೆ ಹಿಡಿದುಕೊಂಡಿತು. ಬಾಡಿಗೆ ಕಾರು ಬಾಗಿಲಲ್ಲಿ ನಿಂತಿದೆ, ಘಾಟಿ ಇಳಿಯಬಹುದೋ ಇಲ್ಲವೋ ಗೊತ್ತಿಲ್ಲ. ಗುಂಪಿನಲ್ಲಿ ಕೇಳಿದೆ. "ಓಪನ್ ಇದೆ" ಅಂತ ಒಬ್ಬರು. "ಕ್ಲೋಸ್" ಅಂತ ಇನ್ನೊಬ್ಬರು. "ದೇವರಿದ್ದಾನೆ ಮೇಡಂ" ಅಂತ ಮತ್ತೊಬ್ಬರು. ದೇವರಿದ್ದಾನೆ, ಸರಿ. ರಸ್ತೆ ಇದೆಯಾ?

ಆಗ ತರಕಾರಿ ಗಾಡಿಯ ಡ್ರೈವರ್ ಒಬ್ಬರ ಧ್ವನಿ ಬಂತು. "ಅಕ್ಕಾ, ನಾನು ಈಗ್ಲೇ ಹತ್ತಿ ಬಂದೆ. ನಾಲ್ಕು ನಲವತ್ತು ಈಗ. ಮಲಯಮಾರುತ ದಾಟಿ ಸ್ವಲ್ಪ ಕೆಳಗೆ ಮರ ಬಿದ್ದಿದೆ, ಎಡಗಡೆ ಕಾರು ಹೋಗುವಷ್ಟು ಜಾಗ ಇದೆ. ಅಣ್ಣಪ್ಪ ಸ್ವಾಮಿ ಗುಡಿ ಹತ್ರ ಮಂಜು ಜಾಸ್ತಿ. ನಿಧಾನ ಹೋಗಿ." ನಾವು ಇಳಿದೆವು. ಮರ ಅವರು ಹೇಳಿದ ಜಾಗದಲ್ಲೇ ಇತ್ತು. ಗುಡಿಯ ಹತ್ತಿರ ಕಾರು ನಿಧಾನ ಮಾಡಿ ಕಾಣಿಕೆ ಹಾಕಿದಾಗ ಅರ್ಧ ಅಣ್ಣಪ್ಪನಿಗೆ, ಅರ್ಧ ಆ ಡ್ರೈವರಿಗೆ ಅಂದುಕೊಂಡೆ. ಅತ್ತೆ ಈಗ ಗಟ್ಟಿಯಾಗಿದ್ದಾರೆ, ಚಟ್ನಿಗೆ ಉಪ್ಪು ಸಾಲದು ಅನ್ನುವಷ್ಟು.

ಇಂಥ ಗುಂಪಿನಲ್ಲೇ ಇನ್ನೊಂದು ದಿನ ನಡೆದದ್ದು ಕೇಳಿ. ಪಕ್ಕದ ತೋಟದ ಲೈನುಮನೆಯಲ್ಲಿ ಕೂಲಿಯವರ ಹುಡುಗನಿಗೆ ಹಾವು ಕಚ್ಚಿತು. ಯಾರೋ ಗುಂಪಿಗೆ ಹಾಕಿ "ಏನು ಮಾಡೋದು" ಅಂತ ಕೇಳಿದರು. ಬಂದ ಉತ್ತರಗಳು ಇವು: ಬಿಗಿಯಾಗಿ ದಾರ ಕಟ್ಟಿ, ಬ್ಲೇಡಿನಲ್ಲಿ ಕೊಯ್ದು ರಕ್ತ ಬಿಡಿ, ಮೆಣಸು ತಿನ್ನಿಸಿ ಖಾರ ಗೊತ್ತಾಗುತ್ತಾ ನೋಡಿ, ಇಂಥ ಊರಿನಲ್ಲಿ ನಾಟಿ ಔಷಧಿ ಕೊಡುವವರಿದ್ದಾರೆ. ಇಪ್ಪತ್ತು ನಿಮಿಷ ಇದೇ ನಡೆಯಿತು. ದಾರ ಬಿಗಿದರೆ ಆ ಭಾಗಕ್ಕೆ ರಕ್ತ ಹೋಗದೆ ಕಾಲೇ ಹೋಗಬಹುದು. ಕೊಯ್ದರೆ ವಿಷ ಹೊರಗೆ ಬರುವುದಿಲ್ಲ, ಕೊಳಕುಮಂಡಲ ಕಚ್ಚಿದ್ದರೆ ರಕ್ತ ನಿಲ್ಲುವುದೂ ಕಷ್ಟ. ಕಚ್ಚಿದ ಕೈಕಾಲು ಅಲುಗಾಡದಂತೆ ಇಟ್ಟು, 108ಕ್ಕೆ ಫೋನ್ ಮಾಡಿ ಇಲ್ಲವೇ ಸಿಕ್ಕಿದ ಗಾಡಿಯಲ್ಲಿ ಆಸ್ಪತ್ರೆಗೆ ಹೊರಡಬೇಕು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷಕ್ಕೂ ಆಗುವ ಒಂದೇ ಔಷಧಿ ಆಸ್ಪತ್ರೆಯಲ್ಲಿ ಇರುತ್ತದೆ, ಮನೆಯಲ್ಲಿ ಇರುವುದಿಲ್ಲ. 2024ರಲ್ಲಿ ನಮ್ಮ ರಾಜ್ಯ ಸರ್ಕಾರ, ಹಾವು ಕಚ್ಚಿದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು ಅಂತ ಮಾಡಿದೆ. ವಿಷಯ ಅಷ್ಟು ಗಂಭೀರ. ಆ ಹುಡುಗ ಉಳಿದ. ಅವನ ಅಪ್ಪನ ಹತ್ತಿರ ಸ್ಮಾರ್ಟ್ ಫೋನ್ ಇರಲಿಲ್ಲ, ಹಾಗಾಗಿ ನಿಮ್ಮ ಯಾವ ಸಲಹೆಯೂ ಅವರಿಗೆ ತಲುಪಲಿಲ್ಲ. ಜೀಪಿನಲ್ಲಿ ಹಾಕಿಕೊಂಡು ನೇರ ಆಸ್ಪತ್ರೆಗೆ ಹೋದರು.

ಅಂಗಡಿಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸೋಲಾರ್ ಹಾಕಿಸಬೇಕು, ಎಲ್ಲಿ ಒಳ್ಳೆಯದು ಅಂತ ಕೇಳಿದ್ದೆ. ಒಬ್ಬರು ಒಂದು ಅಂಗಡಿಯನ್ನು ಹೊಗಳಿದ್ದೇ ಹೊಗಳಿದ್ದು. ಹಾಕಿಸಿದೆ. ಮೊದಲ ಮಳೆಗಾಲಕ್ಕೇ ಟ್ಯಾಂಕು ಸೋರಿತು. ಹೊಗಳಿದವರು ಅಂಗಡಿಯ ಮಾಲೀಕರ ಭಾವಮೈದ ಅಂತ ಆಮೇಲೆ ಗೊತ್ತಾಯಿತು. ಭಾವನ ಅಂಗಡಿಯನ್ನು ಹೊಗಳುವುದು ತಪ್ಪಲ್ಲ. "ನನ್ನ ಭಾವನ ಅಂಗಡಿ" ಅಂತ ಹೇಳದೇ ಹೊಗಳುವುದು ತಪ್ಪು. ದುಡ್ಡು ಪಡೆದು ವಸ್ತುಗಳನ್ನು ಹೊಗಳುವವರು ಕಂಪನಿಯ ಜೊತೆ ತಮಗಿರುವ ಸಂಬಂಧವನ್ನು ತಿಳಿಸಬೇಕು ಅಂತ ಕೇಂದ್ರ ಸರ್ಕಾರ 2022ರಲ್ಲಿ ನಿಯಮ ತಂದಿದೆ. ಅದು ಸಿನಿಮಾದವರಿಗೆ, ಕ್ರಿಕೆಟಿನವರಿಗೆ, ನಮಗಲ್ಲ ಅನ್ನಬಹುದು. ನನಗಂತೂ ಸಿನಿಮಾದವರ ಮಾತಿಗಿಂತ ನಿಮ್ಮ ಮಾತಿನ ಮೇಲೆ ನಂಬಿಕೆ ಜಾಸ್ತಿ ಇತ್ತು.

ಫೋನ್ ನಂಬರ್ ಹಾಕುವವರಿಗೂ ಒಂದು ಮಾತು. "ಗ್ಯಾಸಿನವರ ನಂಬರ್ ಕಳಿಸಿ", "ಬ್ಯಾಂಕಿನವರ ನಂಬರ್ ಇದೆಯಾ" ಅಂತ ಯಾರಾದರೂ ಕೇಳಿದರೆ ದಯವಿಟ್ಟು ಇಂಟರ್‌ನೆಟ್‌ನಲ್ಲಿ ಮೊದಲು ಸಿಕ್ಕಿದ್ದನ್ನು ಹಾಕಬೇಡಿ. ಕಳ್ಳರು ಸುಳ್ಳು ನಂಬರ್ ಹಾಕಿ ಕಾಯುತ್ತಿರುವುದು ಅಲ್ಲೇ. ಪಾಸ್‌ಬುಕ್ಕಿನಲ್ಲಿ, ಗ್ಯಾಸಿನ ಪುಸ್ತಕದಲ್ಲಿ ಅಚ್ಚಾದ ನಂಬರ್ ನೋಡಿಕೊಳ್ಳಿ ಅಂತ ಹೇಳಿ, ಸಾಕು. ಗ್ಯಾಸ್ ಸೋರಿದರೆ 1906. ಆನ್‌ಲೈನ್ ಮೋಸದಲ್ಲಿ ದುಡ್ಡು ಹೋದರೆ ತಡ ಮಾಡದೆ 1930. ನಮ್ಮ ಜಿಲ್ಲೆಯವರಿಗೆ ಇದು ಮರೆಯಲೇಬಾರದು. ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್ ಅಂತ ಶಾಲೆಯಲ್ಲಿ ಉರು ಹೊಡೆದಿಲ್ವಾ?

ಹೆಂಗಸರು ಪ್ರಶ್ನೆ ಕೇಳಿದಾಗ ಏನಾಗುತ್ತದೆ ಅಂತ ಗಂಡಸರಿಗೆ ಬಹುಶಃ ಗೊತ್ತಿಲ್ಲ. ನನ್ನ ಮಗಳ ಗೆಳತಿಗೆ ಚಿಕ್ಕಮಗಳೂರಿನಲ್ಲಿ ಕೆಲಸ ಸಿಕ್ಕಿತು. ಹುಬ್ಬಳ್ಳಿ ಕಡೆಯ ಹುಡುಗಿ. ಪಿಜಿ ಎಲ್ಲಿ ಚೆನ್ನಾಗಿದೆ, ಜೋಳದ ರೊಟ್ಟಿ ಎಲ್ಲಿ ಸಿಗುತ್ತದೆ ಅಂತ ಎರಡೇ ಪ್ರಶ್ನೆ ಕೇಳಿದ್ದಳು. ಗುಂಪಿನಲ್ಲಿ ಬಂದ ಉತ್ತರ ಮೂರು. ಅದರಲ್ಲಿ ಒಂದು, "ಗೂಗಲ್ ಮಾಡೋಕೆ ಬರಲ್ವಾ?" ಅವಳ ನಂಬರಿಗೆ ನೇರವಾಗಿ ಬಂದ "ಹಾಯ್" ಹನ್ನೊಂದು. ರಾತ್ರಿ ಹನ್ನೊಂದು ಗಂಟೆಗೆ "ರೂಮ್ ಸಿಕ್ತಾ?" ಅಂತ ಒಬ್ಬರು ಕೇಳಿದರಂತೆ. ಅವಳು ಗುಂಪು ಬಿಟ್ಟಳು. ನಾನು ಪ್ರೊಫೈಲಿಗೆ ಕಾಫಿ ಹೂವಿನ ಚಿತ್ರ ಹಾಕಿಕೊಂಡಿರುವುದೂ ಇದೇ ಕಾರಣಕ್ಕೆ. ಬಹಳ ಜನ ನನ್ನನ್ನು "ಸಾರ್" ಅನ್ನುತ್ತಾರೆ. ನಾನು ತಿದ್ದುವುದಿಲ್ಲ. ಸಾರ್‌ಗೆ ಒಳ್ಳೆಯ ಉತ್ತರ ಸಿಗುತ್ತದೆ.

ಗೂಗಲ್ ಮಾಡಿ ಅನ್ನುವವರಿಗೆ ಹೇಳುತ್ತೇನೆ. ಗೂಗಲ್ ಮಾಡಿಯೇ ಇಲ್ಲಿಗೆ ಬಂದಿರುತ್ತಾರೆ. ಹೊಸದಾಗಿ ಊರಿಗೆ ಬಂದವರು ರೊಟ್ಟಿ ಎಲ್ಲಿ ಅಂತ ಕೇಳಿದರೆ ಅದು ಬರೀ ರೊಟ್ಟಿಯ ಪ್ರಶ್ನೆ ಅಲ್ಲ. ನಿಮ್ಮ ಊರಿನಲ್ಲಿ ಯಾರಾದರೂ ಮಾತಾಡಿಸುತ್ತಾರಾ ಅಂತಲೂ ಕೇಳುತ್ತಿರುತ್ತಾರೆ.

ಈಗ ನನ್ನ ವಿನಂತಿಗಳು. ಉತ್ತರ ಕೊಡುವವರು ಹೇಗೆ ಗೊತ್ತು, ಯಾವಾಗಿನದು ಅನ್ನುವ ಎರಡು ಮಾತು ಸೇರಿಸಿ. ಗೊತ್ತಿಲ್ಲದಿದ್ದರೆ ಬರೆಯದೇ ಇರುವುದೂ ಉಪಕಾರವೇ, ಯಾರೂ ಹಾಜರಿ ಹಾಕುವುದಿಲ್ಲ. ನೀವೇ ಮಾಡಿ ನೋಡಿದ್ದಕ್ಕೆ ಮಾತ್ರ ಹೆಬ್ಬೆಟ್ಟು ಒತ್ತಿ. ನೆಂಟರ ಅಂಗಡಿಯಾದರೆ ನೆಂಟರದು ಅನ್ನಿ, ನಾವು ಅಲ್ಲಿಗೇ ಹೋದೇವು. ಕೇಳಿದವರು ಕರೆಯದೇ ಅವರ ನಂಬರಿಗೆ ಹೋಗಬೇಡಿ. ಹಾವು, ಎದೆನೋವು, ಮಗುವಿನ ಜ್ವರ ಅಂತ ಬಂದರೆ ಹತ್ತಿರದ ಆಸ್ಪತ್ರೆ, ಅಲ್ಲಿಗೆ ಹೋಗುವ ದಾರಿ, 108, ಇಷ್ಟು ಬಿಟ್ಟು ಬೇರೇನೂ ಬರೆಯಬೇಡಿ. ಬೆಳೆಯ ಔಷಧಿ ಅಂತ ಬಂದರೆ ಕಿಸಾನ್ ಕಾಲ್ ಸೆಂಟರ್ 1800-180-1551ರಲ್ಲಿ ಕನ್ನಡದಲ್ಲೇ ಪುಕ್ಕಟೆ ಹೇಳುತ್ತಾರೆ. ಮೂಡಿಗೆರೆಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಬಾಳೆಹೊನ್ನೂರಿನ ಹತ್ತಿರ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ. ಇಷ್ಟು ಹತ್ತಿರ ಇಟ್ಟುಕೊಂಡು ನಾನು ಬೆಂಗಳೂರಿನ ಹುಡುಗನ ಅಳತೆ ಹಾಕಿದೆನಲ್ಲ ಅಂತ ನನಗೇ ನಾಚಿಕೆ.

ಅಡ್ಮಿನ್‌ಗಳೇ, ನಿಮಗೆ ಸಂಬಳವಿಲ್ಲ, ಬೈಗುಳ ಮಾತ್ರ ಇದೆ, ಗೊತ್ತು. ಆದರೂ ಘಾಟಿ ರಸ್ತೆಯ ಸುದ್ದಿಯನ್ನು ಸಮಯ ಹಾಕದೇ ಬರೆದರೆ ಅಳಿಸಿಬಿಡಿ. ಬೇರೆ ಏನು ಉಳಿದರೂ ನಡೆಯುತ್ತದೆ. ನಿನ್ನೆಯ "ಓಪನ್ ಇದೆ" ಇವತ್ತು ರಾತ್ರಿ ಉಳಿಯಬಾರದು.

ಕೇಳುವವರ ಪಾಲಿನ ತಪ್ಪೂ ಇದೆ, ಅದರಲ್ಲಿ ನಾನೇ ಮುಂದು. ಉತ್ತರ ಸಿಕ್ಕ ಕೂಡಲೇ ಕೈ ಮುಗಿಯುವ ಚಿತ್ರ ಹಾಕಿ ಮಾಯವಾಗುತ್ತೇವೆ. ಹೇಳಿದ್ದು ಸರಿಹೋಯಿತಾ, ಕೆಟ್ಟಿತಾ ಅಂತ ವಾಪಸ್ ಬಂದು ಯಾರೂ ಹೇಳುವುದಿಲ್ಲ. ಅಡಿಕೆ ಸುಟ್ಟಿದ್ದನ್ನು ನಾನೂ ಗುಂಪಿನಲ್ಲಿ ಬರೆಯಲಿಲ್ಲ. ಮೈದುನ ಅದೇ ಗುಂಪಿನಲ್ಲಿದ್ದಾನೆ. ಆ ಅಳತೆ ಇನ್ನೂ ಅಲ್ಲೇ ಇದೆ, ಹೆಬ್ಬೆಟ್ಟುಗಳ ಸಮೇತ. ಈ ಜೂನ್‌ನಲ್ಲಿ ಅದನ್ನು ನೋಡಿ ಯಾರಾದರೂ ಕಲಸಿದ್ದರೆ ಅದರಲ್ಲಿ ನನ್ನ ಪಾಲೂ ಇದೆ. ಈ ಪತ್ರ ಬರೆದು ಮುಗಿಸಿದ ಮೇಲೆ ಅಲ್ಲಿಗೆ ಹೋಗಿ ಬರೆಯುತ್ತೇನೆ. ಮೈದುನ ಓದಿಕೊಳ್ಳಲಿ.

ಇನ್ನೊಂದು ಬಾಕಿ ಇದೆ. ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ಕಳಸದಿಂದ ಒಬ್ಬರು ಗುಂಪಿನಲ್ಲಿ ಕೇಳಿದ್ದರು: ಅಪ್ಪ ಅಮ್ಮನಿಗೆ ಕಣ್ಣು ತೋರಿಸಬೇಕು, ಮೂಡಿಗೆರೆಯಲ್ಲಿ ಯಾರಿದ್ದಾರೆ? ನಾನು ಕೂಡಲೇ ಬರೆದೆ. "ಇಂಥ ಕಡೆ ಬುಧವಾರ ಒಳ್ಳೆಯ ಡಾಕ್ಟರ್ ಬರುತ್ತಾರೆ. ನಮ್ಮ ಅತ್ತೆಗೂ ಅಲ್ಲೇ ತೋರಿಸಿದ್ದು." ಬರೆದು ಖುಷಿಯಾಯಿತು. ಯಾವಾಗಲೂ ಕೇಳುವವಳು ನಾನು, ಈಗ ಹೇಳುವವಳೂ ಆದೆ ಅಂತ. ಏಳೆಂಟು ಜನ ಹೆಬ್ಬೆಟ್ಟು ಒತ್ತಿದರು.

ಅತ್ತೆಗೆ ತೋರಿಸಿದ್ದು ಎರಡು ವರ್ಷದ ಹಿಂದೆ. ಅದನ್ನು ನಾನು ಬರೆಯಲಿಲ್ಲ. ಬರೆಯಬೇಕು ಅಂತ ಹೊಳೆಯಲೂ ಇಲ್ಲ. ಆ ಡಾಕ್ಟರ್ ಅಲ್ಲಿಗೆ ಬರುವುದನ್ನು ಬಿಟ್ಟು ವರ್ಷವಾಗಿತ್ತು. ಆ ಇಬ್ಬರು ವಯಸ್ಸಾದವರು ಬುಧವಾರ ಬೆಳಗಿನ ಬಸ್ ಹಿಡಿದು, ಮಳೆಯಲ್ಲಿ ಅಷ್ಟು ತಿರುವು ದಾಟಿ ಬಂದು, ಮುಚ್ಚಿದ ಬಾಗಿಲು ನೋಡಿ ಮಧ್ಯಾಹ್ನದ ಬಸ್ಸಿಗೆ ವಾಪಸ್ ಹೋದರು. "ಎರಡು ವರ್ಷದ ಹಿಂದೆ" ಅಂತ ಮೂರು ಪದ ಬರೆದಿದ್ದರೆ ಅವರ ಮಗ ಮೊದಲು ಒಂದು ಫೋನ್ ಮಾಡುತ್ತಿದ್ದ.

ಮಗ ನನ್ನನ್ನು ಬೈಯಲಿಲ್ಲ. ಸಂಜೆ ಗುಂಪಿನಲ್ಲಿ ಒಂದೇ ಸಾಲು ಬರೆದ: "ಆ ಡಾಕ್ಟರ್ ಈಗ ಅಲ್ಲಿಗೆ ಬರಲ್ಲ. ಇವತ್ತು ಹೋಗಿ ನೋಡಿದ್ದೇವೆ. ಬೇರೆ ಯಾರೂ ಹೋಗಬೇಡಿ." ಅಲ್ಲಿಗೆ ಬಂದ ಉತ್ತರಗಳಲ್ಲೆಲ್ಲ ಸರಿಯಾದದ್ದು ಅದೊಂದೇ. ಅದಕ್ಕೆ ಒಂದು ಹೆಬ್ಬೆಟ್ಟೂ ಬೀಳಲಿಲ್ಲ. ಅವಮಾನದಿಂದ ನಾನೂ ಸುಮ್ಮನಿದ್ದೆ.

ಇವತ್ತು ಹುಡುಕಿ ತೆಗೆದು, ಕ್ಷಮೆ ಕೇಳಿ, ಒತ್ತಿದ್ದೇನೆ.

ಇಂತಿ ನಿಮ್ಮ,
ಕಾಫಿ ಹೂವಿನ ಚಿತ್ರದ "ಸಾರ್"
ಬಣಕಲ್ ಕಡೆಯ ಒಬ್ಬ ಸಣ್ಣ ಬೆಳೆಗಾರ್ತಿ